ವಖಾರಿಯ ನಂಬರ್ ಯಾರ ಜೇಬಿನಲ್ಲಿದೆ?

ಹೋದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಶಿರಸಿಯ ನಮ್ಮ ಮಾವನ ವಖಾರಿಯಿಂದ ಒಬ್ಬ ಹುಡುಗ ಕೆಲಸ ಬಿಟ್ಟು ಹೋದ. ಜಗಳ, ಬೇಜಾರು ಏನೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಜಾಸ್ತಿ ಸಂಬಳ ಸಿಕ್ಕಿತು, ಹೋದ. ಮೂರು ದಿನ ಕಳೆದ ಮೇಲೆ ನಮಗೆ ಗೊತ್ತಾಯಿತು, ಹೊರಗಿನ ವ್ಯಾಪಾರಿಗಳು ಇಷ್ಟು ವರ್ಷ ಫೋನ್ ಮಾಡುತ್ತಿದ್ದದ್ದು ಅವನ ಸ್ವಂತ ಮೊಬೈಲಿಗೆ ಅಂತ. ಯಾರಿಗೆ ಎಷ್ಟು ಚೀಲ ಕಾಳುಮೆಣಸು, ಯಾವ ದರಕ್ಕೆ ಮಾತಾಗಿದೆ, ಚಾಲಿ ಅಡಿಕೆಯ ಸ್ಯಾಂಪಲ್ ಯಾರಿಗೆ ಕಳಿಸಿದ್ದು, ಲಾರಿ ಯಾವತ್ತು ಹೊರಡಬೇಕು, ಎಲ್ಲವೂ ಅವನ ವಾಟ್ಸಾಪ್‌ನಲ್ಲಿ. ಕೇಳಿದಾಗೆಲ್ಲ ಅವನು ಹುಡುಕಿ ಹುಡುಕಿ ಫಾರ್ವರ್ಡ್ ಮಾಡಿದ, ಅದನ್ನು ನೆನೆಯಲೇಬೇಕು. ಆದರೂ ಒಂದು ದೊಡ್ಡ ಆರ್ಡರ್ ತಪ್ಪಿಹೋಯಿತು. ವ್ಯಾಪಾರಿ ನಾಲ್ಕು ಸಲ ಆ ಹುಡುಗನಿಗೇ ಫೋನ್ ಮಾಡಿದ್ದಾರೆ. ಅವನು ಹೊಸ ಕೆಲಸದಲ್ಲಿದ್ದ, ಎತ್ತಲಿಲ್ಲ. ಅವರು ಬೇರೆ ಕಡೆ ಮಾಲು ತೆಗೆದುಕೊಂಡರು.

"ಮೊಬೈಲು ಅವಂದೇ ಆಗಿತ್ತು, ಈಗ ಎಂತ ಮಾಡವು ತಮಾ?" ಎಂದು ಮಾವ ಕೇಳಿದರು.

ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಆಫೀಸುಗಳ ನೆಟ್‌ವರ್ಕ್ ಮತ್ತು ಫೋನ್ ನೋಡಿಕೊಳ್ಳುವ ಕೆಲಸ ಮಾಡಿ, 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದು ಇಲ್ಲೇ ಉಳಿದವನು. ಮಾವನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಆದರೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದಕ್ಕೆ ಎರಡು ಸಂಜೆ ಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಹೀಗೆ ನಡೆಯುವ ಅಂಗಡಿ, ಸಂಘ, ಹೋಮ್‌ಸ್ಟೇ ಒಂದೆರಡಲ್ಲ.

ನನ್ನ ಉತ್ತರ ಒಂದು ಜಾತಿಯ ಸಾಫ್ಟ್‌ವೇರ್, ಅದಕ್ಕೆ ಯುನಿಫೈಡ್ ಕಮ್ಯುನಿಕೇಷನ್ಸ್ ಎಂದು ಹೆಸರು. ಮೆಸೇಜು, ಮೀಟಿಂಗು, ಫೋನ್ ಕರೆ, ಮೂರೂ ಒಂದೇ ಕಡೆ ಎಂದು ಕಂಪನಿಯವರು ಹೇಳುತ್ತಾರೆ. ಮೈಕ್ರೋಸಾಫ್ಟ್ ಟೀಮ್ಸ್, ಜೂಮ್, ಸಿಸ್ಕೋದ ವೆಬೆಕ್ಸ್ ಇದೇ ಗುಂಪಿನವು. ಚೆನ್ನೈನ ಜೋಹೊ ಕಂಪನಿಯ ಕ್ಲಿಕ್ ಕೂಡ ಮೆಸೇಜು, ಮೀಟಿಂಗಿನ ಮಟ್ಟಿಗೆ ಈ ಸಾಲಿಗೇ ಸೇರುತ್ತದೆ. ಆದರೆ "ಮೂರೂ ಒಂದೇ ಕಡೆ" ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಯಾಕೆಂದರೆ ಮೊಬೈಲಿನಲ್ಲಿ ಈಗಾಗಲೇ ಮೂರೂ ಇದೆಯಲ್ವಾ? ವಾಟ್ಸಾಪ್‌ನಲ್ಲಿ ಮೆಸೇಜ್ ಇದೆ, ವಿಡಿಯೋ ಇದೆ, ಕರೆಯೂ ಇದೆ.

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ನಂಬರ್ ಯಾವುದಕ್ಕೆ ಅಂಟಿಕೊಂಡಿದೆ ಎಂದು ನೋಡಿ. ಹಳೆ ಲ್ಯಾಂಡ್‌ಲೈನ್ ನಂಬರ್ ಗೋಡೆಗೆ ಅಂಟಿಕೊಂಡಿತ್ತು. ಮೊಬೈಲ್ ನಂಬರ್ ಸಿಮ್‌ಗೆ ಅಂಟಿಕೊಂಡಿದೆ, ಸಿಮ್ ಒಬ್ಬ ಮನುಷ್ಯನ ಜೇಬಿನಲ್ಲಿದೆ. ಈ ಸಾಫ್ಟ್‌ವೇರ್‌ನಲ್ಲಿ ನಂಬರ್ ಅಂಟಿಕೊಳ್ಳುವುದು ಒಂದು ಖಾತೆಗೆ, ಆ ಖಾತೆ ಸಂಸ್ಥೆಯದ್ದು. ಮೊಬೈಲು, ಲ್ಯಾಪ್‌ಟಾಪು, ಮೇಜಿನ ಮೇಲಿನ ಫೋನು ಎಲ್ಲ ಆ ಖಾತೆಗೆ ಲಾಗಿನ್ ಆಗುವ ಉಪಕರಣಗಳು, ಅಷ್ಟೇ. ಹುಡುಗ ಕೆಲಸ ಬಿಟ್ಟರೆ ಅವನ ಲಾಗಿನ್ ನಿಲ್ಲಿಸಿದರಾಯಿತು. ನಂಬರ್, ಹಳೆ ಮಾತುಕತೆ, ಫೈಲು, ಕರೆಗಳ ಲೆಕ್ಕ ಎಲ್ಲ ವಖಾರಿಯಲ್ಲೇ ಉಳಿಯುತ್ತದೆ, ಮರುದಿನ ಬಂದ ಹೊಸಬರಿಗೆ ಅದನ್ನೇ ತೆರೆದುಕೊಡಬಹುದು.

ಮೆಸೇಜಿನಿಂದ ಶುರು ಮಾಡೋಣ, ಅದು ಸುಲಭ. ವಾಟ್ಸಾಪ್ ಗ್ರೂಪ್‌ನಲ್ಲಿ ಮನುಷ್ಯರು ಸೇರುತ್ತಾರೆ, ಇಲ್ಲಿ ಚಾನೆಲ್ ಎನ್ನುವುದು ಕೆಲಸದ ಹೆಸರಿನಲ್ಲಿ ಇರುತ್ತದೆ. ನಾವು "ಲಾರಿ", "ದರ", "ಗೋಡೌನ್" ಎಂದು ಮೂರು ಮಾಡಿದೆವು. ಒಂದು ಲೋಡಿನ ಬಗ್ಗೆ ಮಾತು ಎದ್ದರೆ ಅದರ ಉತ್ತರಗಳೆಲ್ಲ ಆ ಮಾತಿನ ಕೆಳಗೇ ಸೇರಿಕೊಳ್ಳುತ್ತವೆ, ಗುಡ್ ಮಾರ್ನಿಂಗ್ ಚಿತ್ರ, ಮದುವೆ ಕರೆಯೋಲೆಗಳ ನಡುವೆ ಕಳೆದುಹೋಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ. ವಾಟ್ಸಾಪ್ ಗ್ರೂಪಿಗೆ ಇವತ್ತು ಸೇರಿದವರಿಗೆ ಹಿಂದಿನ ವರ್ಷಗಳ ಮಾತುಕತೆ ಸಿಗುವುದಿಲ್ಲ, ಚಾನೆಲ್‌ಗೆ ಇವತ್ತು ಸೇರಿದವರು ಮೂರು ವರ್ಷದ ಹಿಂದಿನ ಮಾತನ್ನೂ ಹುಡುಕಿ ಓದಬಹುದು. ಆದರೆ ಉಚಿತ ಯೋಜನೆಗಳಲ್ಲಿ ಇದಕ್ಕೆ ಮಿತಿ ಇರುತ್ತದೆ, ಉದಾಹರಣೆಗೆ ಸ್ಲ್ಯಾಕ್ ಎಂಬ ಇಂಥದ್ದೇ ಇನ್ನೊಂದು ಆ್ಯಪ್‌ನ ಉಚಿತ ಆವೃತ್ತಿಯಲ್ಲಿ ಕಾಣುವುದು ಹಿಂದಿನ 90 ದಿನದ್ದು ಮಾತ್ರ. ಹಳೇ ಮಾತು ಸಿಗಲಿ ಎಂದೇ ಇದನ್ನು ಹಾಕಿಸುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಹೆಸರಿನ ಪಕ್ಕದ ಹಸಿರು, ಕೆಂಪು ಚುಕ್ಕೆ ಸಣ್ಣ ವಿಷಯ ಅನ್ನಿಸಬಹುದು. ಲೆಕ್ಕ ನೋಡುವ ಅಕ್ಕ ಸಿದ್ದಾಪುರದ ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಾರೆ. ಮೊದಲೆಲ್ಲ ಅವರಿಗೆ ದಿನಕ್ಕೆ ಹತ್ತು ಸಲ "ಫ್ರೀ ಇದ್ದೀರಾ ಅಕ್ಕಾ?" ಎಂದು ಫೋನ್ ಹೋಗುತ್ತಿತ್ತು. ಈಗ ಅವರು ಬೇರೆ ಕರೆಯಲ್ಲಿದ್ದರೆ ಚುಕ್ಕೆ ತಾನಾಗಿ ಕೆಂಪಾಗುತ್ತದೆ, ನಾವು ಎರಡು ಸಾಲು ಬರೆದಿಟ್ಟು ಸುಮ್ಮನಿರುತ್ತೇವೆ.

ಧ್ವನಿ ಹೇಗೆ ಹೋಗುತ್ತದೆ

ಈ ಭಾಗ ಸ್ವಲ್ಪ ಉದ್ದ. ಆದರೆ ನಮ್ಮ ಕಡೆ ಜನ "ನೆಟ್ ಚೆನ್ನಾಗಿದೆ, ಯೂಟ್ಯೂಬ್ ಓಡುತ್ತದೆ, ಕರೆ ಮಾತ್ರ ಕಟ್ ಕಟ್ ಆಗುತ್ತದೆ" ಎಂದು ಸೋತುಹೋಗುವುದು ಇಲ್ಲಿಯೇ.

ಹಳೆ ಕಾಲದಲ್ಲಿ ಶಿರಸಿಯಿಂದ 08386 ಹಾಕಿ ಕುಮಟೆಯ ನಂಬರ್ ತಿರುಗಿಸಿದರೆ ಎಕ್ಸ್‌ಚೇಂಜ್‌ಗಳು ಸೇರಿ ನಿಮ್ಮ ಮಾತಿಗೆಂದೇ ಒಂದು ದಾರಿ ಕಟ್ಟಿಕೊಡುತ್ತಿದ್ದವು. ನೀವು ಮಾತಾಡಿ, ಸುಮ್ಮನೆ ಕೂತಿರಿ, ಫೋನ್ ಇಡುವವರೆಗೆ ಆ ದಾರಿ ನಿಮ್ಮದೇ. ಇಂಟರ್ನೆಟ್‌ನಲ್ಲಿ ಹಾಗೆ ಯಾರಿಗೂ ದಾರಿ ಕಾದಿರಿಸಿಲ್ಲ. ನಿಮ್ಮ ಧ್ವನಿಯನ್ನು ಚೂರು ಮಾಡಿ, ಪ್ರತಿ ಚೂರಿಗೆ ವಿಳಾಸ ಬರೆದು, ಎಲ್ಲರ ಫೋಟೋ, ಸಿನಿಮಾ, ಬ್ಯಾಂಕ್ ವ್ಯವಹಾರದ ಜೊತೆ ಅದೇ ರಸ್ತೆಗೆ ಬಿಡುತ್ತಾರೆ.

ಚೂರು ಮಾಡುವುದು ಹೀಗೆ. ಸಾಮಾನ್ಯ ಫೋನ್ ಗುಣಮಟ್ಟದ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ, ಪ್ರತಿ ಅಳತೆಗೆ 8 ಬಿಟ್. ಗುಣಿಸಿದರೆ ಸೆಕೆಂಡಿಗೆ 64 ಕಿಲೋಬಿಟ್. ಈ ಅಳತೆಯ ಕ್ರಮಕ್ಕೆ ಜಿ.711 ಎಂದು ಹೆಸರು, 1972ರಿಂದ ಇದೆ, ಇವತ್ತಿಗೂ ಬಳಕೆಯಲ್ಲಿದೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಧ್ವನಿಯನ್ನು ಒಂದು ಪೊಟ್ಟಣ ಮಾಡುತ್ತಾರೆ. ಅಂದರೆ ನೀವು "ಹಲೋ" ಎಂದು ಎಳೆದು ಹೇಳಿ ಮುಗಿಸುವಷ್ಟರಲ್ಲಿ ಇಪ್ಪತ್ತು ಮೂವತ್ತು ಪೊಟ್ಟಣ ಹೊರಟಾಗಿದೆ. ಸೆಕೆಂಡಿಗೆ 50 ಪೊಟ್ಟಣ. ಪ್ರತಿಯೊಂದರಲ್ಲಿ 160 ಬೈಟ್ ಧ್ವನಿ, ಅದರ ಮೇಲೆ 40 ಬೈಟ್ ವಿಳಾಸ ಮತ್ತು ಅನುಕ್ರಮ ಸಂಖ್ಯೆ. ಎಲ್ಲ ಸೇರಿ ಒಂದು ದಿಕ್ಕಿಗೆ 80 ಕಿಲೋಬಿಟ್, ತಂತಿಯ ಮೇಲೆ ಅದಕ್ಕಿಂತ ಸ್ವಲ್ಪ ಜಾಸ್ತಿ. 2012ರಲ್ಲಿ ಬಂದ ಓಪಸ್ ಎನ್ನುವ ಹೊಸ ಕ್ರಮ ಇದಕ್ಕಿಂತ ಬಹಳ ಕಡಿಮೆಯಲ್ಲೂ ಚೆನ್ನಾಗಿ ಕೇಳಿಸುತ್ತದೆ, ಇಂದಿನ ಅನೇಕ ಆ್ಯಪ್‌ಗಳು ಅದನ್ನೇ ಬಳಸುತ್ತವೆ.

ಲೆಕ್ಕ ಯಾಕೆ ಹೇಳಿದೆ ಎಂದರೆ, 80 ಕಿಲೋಬಿಟ್ ಎನ್ನುವುದು ಏನೂ ಅಲ್ಲ. ನಿಮ್ಮ ಫೈಬರ್ ಪ್ಲಾನ್ 40 ಮೆಗಾಬಿಟ್‌ನದ್ದಾದರೆ ಅದರ ಐನೂರನೇ ಒಂದು ಪಾಲು. ಆದ್ದರಿಂದ ಕರೆ ಕಟ್ ಕಟ್ ಆದಾಗ 100 ಮೆಗಾಬಿಟ್ ಪ್ಲಾನ್ ಹಾಕಿಸಿದರೆ ಹೆಚ್ಚಿನ ಸಲ ಏನೂ ಬದಲಾಗುವುದಿಲ್ಲ. ದುಡ್ಡು ಸುಮ್ನೆ ಹೋಗುತ್ತದೆ. ಧ್ವನಿಗೆ ಅಗಲವಾದ ರಸ್ತೆ ಬೇಡ, ಒಂದೇ ಸಮನೆ ಸಾಗುವ ರಸ್ತೆ ಬೇಕು.

ಮಾವನಿಗೆ ಇದನ್ನು ದೇವಿಮನೆ ಘಟ್ಟದ ಮೇಲೆ ಹೇಳಿದೆ. ಕುಮಟೆಯಿಂದ ಹತ್ತು ಹತ್ತು ನಿಮಿಷಕ್ಕೆ ಒಂದು ಬಸ್ ಶಿರಸಿಗೆ ಹೊರಟಿತು ಎಂದುಕೊಳ್ಳಿ. ಒಂದು ಬಸ್ಸು ಘಟ್ಟದ ತಿರುವಿನಲ್ಲಿ ಲೋಡ್ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಕಾಯುವವರಿಗೆ ಅರ್ಧ ಗಂಟೆ ಒಂದೂ ಬಸ್ ಇಲ್ಲ, ಆಮೇಲೆ ಮೂರೂ ಒಟ್ಟಿಗೆ. ಎಲ್ಲ ಬಸ್ಸೂ ಬಂದಿದೆ, ಒಂದೂ ಕೆಟ್ಟು ನಿಂತಿಲ್ಲ, ಆದರೂ ಹತ್ತು ನಿಮಿಷದ ಲೆಕ್ಕ ಹಾಳಾಯಿತು. ಪೊಟ್ಟಣಗಳಿಗೆ ಹೀಗಾಗುವುದನ್ನು ಜಿಟರ್ ಎನ್ನುತ್ತಾರೆ. ಇದನ್ನು ಸರಿಮಾಡಲು ನಿಮ್ಮ ಫೋನ್ ಬಂದ ಪೊಟ್ಟಣಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು, ಮತ್ತೆ 20 ಮಿಲಿಸೆಕೆಂಡಿಗೊಂದರಂತೆ ಕಿವಿಗೆ ಬಿಡುತ್ತದೆ. ಹಿಡಿದಿಡುವುದು ಜಾಸ್ತಿಯಾದರೆ ಧ್ವನಿ ಸ್ಪಷ್ಟ, ಆದರೆ ಮಾತು ತಡ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನ ಒಳಗೆ ಮುಟ್ಟಿದರೆ ಮಾತುಕತೆ ಸರಾಗ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಅದು ಬಹಳ ದಾಟಿದರೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, "ಹಾಂ ನೀವು ಹೇಳಿ", "ಇಲ್ಲ ನೀವೇ ಹೇಳಿ" ಎಂದು ಒಟ್ಟಿಗೇ ನಿಲ್ಲಿಸುವುದು ಶುರು.

ದಾರಿಯಲ್ಲಿ ಒಂದು ಪೊಟ್ಟಣ ಕಳೆದುಹೋದರೆ? ಫೈಲ್ ಕಳಿಸುವಾಗ ಆದರೆ ಕಂಪ್ಯೂಟರ್ ಅದನ್ನು ಮತ್ತೆ ತರಿಸಿಕೊಳ್ಳುತ್ತದೆ. ಯೂಟ್ಯೂಬ್ ಓಡುವುದಕ್ಕೂ ಅದೇ ಕಾರಣ, ವಿಡಿಯೋವನ್ನು ಮುಂದಿನ ಎಷ್ಟೋ ಸೆಕೆಂಡಿನವರೆಗೆ ಮೊದಲೇ ತಂದು ಇಟ್ಟುಕೊಂಡಿರುತ್ತದೆ, ನೆಟ್ ಎರಡು ಸೆಕೆಂಡ್ ನಿಂತರೆ ನಿಮಗೆ ತಿಳಿಯುವುದೇ ಇಲ್ಲ. ಕರೆಯಲ್ಲಿ ಹಾಗೆ ಮಾಡಲು ಬರುವುದಿಲ್ಲ, ಎದುರಿನವರು ಮುಂದೆ ಹೇಳಲಿರುವ ಮಾತನ್ನು ಈಗಲೇ ತಂದಿಡುವುದು ಹೇಗೆ? ತಡವಾಗಿ ಬಂದ ಅಕ್ಷರ ಬಂದೂ ಉಪಯೋಗವಿಲ್ಲ. ಹಾಗಾಗಿ ಧ್ವನಿಯ ಪೊಟ್ಟಣ ಕಳೆದರೆ ಕಳೆಯಿತು. ಒಂದೆರಡು ಹೋದರೆ ಫೋನ್ ಅಕ್ಕಪಕ್ಕದ ಧ್ವನಿಯಿಂದ ಆ ಜಾಗ ತುಂಬಿಬಿಡುತ್ತದೆ, ಸಾಲಾಗಿ ಹೋದರೆ ನಮಗೆ ಕೇಳುವುದು ಆ ರೋಬೋಟಿನ ಸ್ವರ.

ಹಾಗಾದರೆ ತಡ ಎಲ್ಲಿ ಆಗುತ್ತದೆ? ದೂರದಿಂದ ಅಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಶಿರಸಿ ಬೆಂಗಳೂರಿನ ನಡುವಿನ ನಾನೂರು ಕಿಲೋಮೀಟರಿಗೆ ಎರಡೇ ಮಿಲಿಸೆಕೆಂಡ್ ಸಾಕು. ನಾನು ನೋಡಿದ ಹತ್ತರಲ್ಲಿ ಏಳು ಕಡೆ ತೊಂದರೆ ಇದ್ದದ್ದು ಅಂಗಡಿಯ ಒಳಗೆ. ಮೊಬೈಲುಗಳು ಫೋಟೋ ಬ್ಯಾಕಪ್ ಮಾಡುತ್ತಾ ಹೊರಹೋಗುವ ದಾರಿಯನ್ನೆಲ್ಲ ತುಂಬಿಬಿಟ್ಟಿರುತ್ತವೆ, ನಮ್ಮ ಧ್ವನಿ ಅದರ ಹಿಂದೆ ಸಾಲಿನಲ್ಲಿ ನಿಂತಿರುತ್ತದೆ. ಇಲ್ಲವೇ ವೈಫೈ. ಕುಮಟೆಯ ನಮ್ಮ ಅಂಗಡಿಯದ್ದು ದಪ್ಪ ಚಿರೆಕಲ್ಲಿನ ಗೋಡೆ, ರೂಟರ್ ಒಂದು ಕೋಣೆಯಲ್ಲಿ, ಫೋನ್ ಇನ್ನೊಂದರಲ್ಲಿ. ಇಪ್ಪತ್ತು ಮೀಟರ್ ಲ್ಯಾನ್ ಕೇಬಲ್ ಎಳೆದು ಮೇಜಿನ ಫೋನಿಗೆ ಸಿಕ್ಕಿಸಿದ ದಿನ ಅರ್ಧ ದೂರು ನಿಂತುಹೋಯಿತು. ಉಳಿದರ್ಧಕ್ಕೆ ರೂಟರ್‌ನಲ್ಲಿ ಧ್ವನಿಗೆ ಮೊದಲ ಸರದಿ ಕೊಡುವ ಕ್ಯೂಓಎಸ್ ಎಂಬ ಸೆಟ್ಟಿಂಗ್ ಹಾಕಿದೆವು.

ನಮ್ಮ ಮಾತು ಕೇಳುತ್ತದೆ, ಅವರದ್ದು ಕೇಳಲ್ಲ

ಮೊದಲ ವಾರ ಕುಮಟೆಯಿಂದ ಬಂದ ದೂರು ವಿಚಿತ್ರವಾಗಿತ್ತು. ರಿಂಗ್ ಆಗುತ್ತದೆ, ಎತ್ತಿದರೆ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರ ಮಾತು ನಮಗೆ ಇಲ್ಲ. ಇದು ಯಾಕೆ ಎಂದು ತಿಳಿದರೆ ಇಡೀ ವ್ಯವಸ್ಥೆಯೇ ಅರ್ಥವಾಗುತ್ತದೆ.

ಇಂಟರ್ನೆಟ್ ಕರೆಯಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಒಂದು, ಕರೆಯನ್ನು ಹೊಂದಿಸುವುದು: ಯಾರಿಗೆ ಕರೆ, ಅವರು ಎಲ್ಲಿದ್ದಾರೆ, ರಿಂಗ್ ಮಾಡು, ಎತ್ತಿದರು, ಇಟ್ಟರು. ಇದನ್ನು ಮಾಡುವ ನಿಯಮಕ್ಕೆ ಸಿಪ್ ಎಂದು ಹೆಸರು, 1999ರಲ್ಲಿ ಬಂತು, 2002ರಲ್ಲಿ ಈಗಿನ ರೂಪ ಪಡೆಯಿತು. ಮೇಜಿನ ಫೋನುಗಳು ಮತ್ತು ಟೆಲಿಕಾಂ ಕಂಪನಿಯ ಜೊತೆಗಿನ ಜೋಡಣೆಗಳು ಹೆಚ್ಚಾಗಿ ಇದೇ ಭಾಷೆಯಲ್ಲಿ ಮಾತಾಡುತ್ತವೆ. ಇನ್ನೊಂದು, ಧ್ವನಿಯನ್ನು ಹೊರುವುದು. ಅದಕ್ಕೆ ಆರ್‌ಟಿಪಿ ಎಂಬ ಬೇರೆ ನಿಯಮ, ಅನೇಕ ಸಲ ಬೇರೆಯದೇ ದಾರಿ. ಮದುವೆ ಮಾತುಕತೆ ಮುಗಿಸಿದವರು ಒಬ್ಬರು, ಸಾಮಾನು ಹೊತ್ತು ತರುವವರು ಇನ್ನೊಬ್ಬರು ಎಂದ ಹಾಗೆ.

ನಿಮ್ಮ ಫೋನ್ ಆನ್ ಆದ ಕೂಡಲೇ ಸರ್ವರ್‌ಗೆ "ನಾನು ಈಗ ಇಲ್ಲಿದ್ದೇನೆ" ಎಂದು ಹೇಳುತ್ತದೆ, ಆಗಾಗ ಅದನ್ನೇ ಮತ್ತೆ ಹೇಳುತ್ತಿರುತ್ತದೆ. ಒಂದೇ ಖಾತೆಯಿಂದ ಮೊಬೈಲು, ಲ್ಯಾಪ್‌ಟಾಪು, ಮೇಜಿನ ಫೋನು ಮೂರೂ ಹೀಗೆ ಹೇಳಿದ್ದರೆ ಕರೆ ಬಂದಾಗ ಮೂರೂ ಒಟ್ಟಿಗೆ ಬಡಿದುಕೊಳ್ಳುತ್ತವೆ, ಒಂದನ್ನು ಎತ್ತಿದರೆ ಉಳಿದೆರಡು ತಣ್ಣಗಾಗುತ್ತವೆ. ವಖಾರಿಯ ನಂಬರ್ ಊರೂರಿಗೆ ಹೋಗುವುದು ಈ ಒಂದು ಉಪಾಯದಿಂದ.

ಕುಮಟೆಯ ತೊಂದರೆಗೆ ಬರೋಣ. ಅಂಗಡಿಯ ಒಳಗಿನ ಫೋನಿಗೆ ರೂಟರ್ ಒಂದು ಒಳಗಿನ ವಿಳಾಸ ಕೊಟ್ಟಿರುತ್ತದೆ, ಹೊರಗಿನ ಪ್ರಪಂಚಕ್ಕೆ ಕಾಣುವುದು ರೂಟರ್‌ನ ವಿಳಾಸ ಮಾತ್ರ. ಕರೆ ಹೊಂದಿಸುವಾಗ ಎರಡೂ ಕಡೆಯ ಫೋನು "ಧ್ವನಿಯನ್ನು ಈ ವಿಳಾಸಕ್ಕೆ ಕಳಿಸಿ" ಎಂದು ಬರೆದು ಕಳಿಸುತ್ತವೆ. ಆ ವಿಳಾಸ ತಪ್ಪಿದರೆ ರಿಂಗ್ ಸರಿಯಾಗಿ ಆಗುತ್ತದೆ, ಧ್ವನಿ ಮಾತ್ರ ದಾರಿ ತಪ್ಪುತ್ತದೆ, ಅದೂ ಒಂದೇ ದಿಕ್ಕಿಗೆ. ನಮ್ಮಲ್ಲಿ ಹಾಳು ಮಾಡಿದ್ದು ರೂಟರ್‌ನಲ್ಲೇ ಇದ್ದ ಸಿಪ್ ಎಎಲ್‌ಜಿ ಎಂಬ ಸೌಲಭ್ಯ. ಸಹಾಯಕ್ಕೆಂದೇ ಮಾಡಿಟ್ಟದ್ದು, ಆದರೆ ಅದು ಮಧ್ಯದಲ್ಲಿ ವಿಳಾಸವನ್ನು ತಿದ್ದಲು ಹೋಗಿ ಕೆಡಿಸುತ್ತಿತ್ತು. ಅದನ್ನು ಆಫ್ ಮಾಡಿದೆವು, ಸರಿಹೋಯಿತು. ನಿಮ್ಮಲ್ಲೂ ಒಂದೇ ಕಡೆ ಧ್ವನಿ ಕೇಳುತ್ತಿದ್ದರೆ ಬೇರೆ ಯಾವುದಕ್ಕೂ ಮೊದಲು ಇದನ್ನೇ ನೋಡಿ. ಟೀಮ್ಸ್, ಜೂಮ್‌ನಂಥ ಆ್ಯಪ್‌ಗಳಲ್ಲಿ ಈ ಕಾಟ ಕಡಿಮೆ, ನೇರ ದಾರಿ ಸಿಗದಿದ್ದರೆ ಅವು ತಮ್ಮ ಸರ್ವರ್ ಮೂಲಕ ಸುತ್ತಿ ಹೋಗುವ ದಾರಿಯನ್ನು ತಾವೇ ಹುಡುಕಿಕೊಳ್ಳುತ್ತವೆ.

ಮೀಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಲಾಕ್‌ಡೌನ್‌ನಲ್ಲಿ ಗುಡ್ಡ ಹತ್ತಿ ರೇಂಜ್ ಹುಡುಕಿ ಕ್ಲಾಸ್ ಕೇಳಿದ ನಮ್ಮ ಕಡೆಯ ಮಕ್ಕಳಿಗೇ ಅದು ಗೊತ್ತು. ಒಂದು ವಿಷಯ ಮಾತ್ರ ತಿಳಿದಿರಲಿ. ಐದು ಜನರ ಮೀಟಿಂಗಿನಲ್ಲಿ ನಿಮ್ಮ ವಿಡಿಯೋ ನಾಲ್ಕು ಜನಕ್ಕೆ ನಾಲ್ಕು ಸಲ ಹೋಗುವುದಿಲ್ಲ. ನೀವು ಸರ್ವರ್‌ಗೆ ಕಳಿಸುತ್ತೀರಿ, ಅದು ಉಳಿದವರಿಗೆ ಹಂಚುತ್ತದೆ, ನೆಟ್ ಸೊರಗಿದವರಿಗೆ ಚಿತ್ರವನ್ನು ಸಣ್ಣದು ಮಾಡಿ ಕೊಡುತ್ತದೆ. ಆದ್ದರಿಂದ ನಿಮ್ಮ ಮಾತು ಅವರಿಗೆ ತುಂಡಾಗಿ ಕೇಳುತ್ತಿದ್ದರೆ ನಿಮ್ಮ ಕ್ಯಾಮೆರಾ ಆಫ್ ಮಾಡಿ. ಅವರ ಮಾತು ನಿಮಗೆ ತುಂಡಾಗುತ್ತಿದ್ದರೆ ನಿಮ್ಮ ಕ್ಯಾಮೆರಾ ಆಫ್ ಮಾಡಿ ಹೆಚ್ಚು ಲಾಭವಿಲ್ಲ, ಬರುವ ವಿಡಿಯೋ ನಿಲ್ಲಿಸುವ ಸೆಟ್ಟಿಂಗ್ ಹುಡುಕಿ. ಉಚಿತ ಜೂಮ್‌ನಲ್ಲಿ ಮೀಟಿಂಗ್ 40 ನಿಮಿಷಕ್ಕೆ ನಿಲ್ಲುತ್ತದೆ. ದರದ ಮಾತಿಗೆ ಅಷ್ಟು ಸಾಕಾಗುತ್ತದೆ.

08384 ಎಲ್ಲಿಂದ ಬರುತ್ತದೆ

ಜನ ಇಲ್ಲಿ ಮೋಸ ಹೋಗುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ್ಯಪ್‌ನಿಂದ ಆ್ಯಪ್‌ಗೆ ಕರೆ ಮಾಡುವುದು ಉಚಿತ ಯೋಜನೆಯಲ್ಲೂ ಸಿಗುತ್ತದೆ. ಆದರೆ ತೋಟದಲ್ಲಿ ನಿಂತಿರುವ ರೈತರು ತಮ್ಮ ಕೀಪ್ಯಾಡ್ ಮೊಬೈಲಿನಿಂದ ವಖಾರಿಗೆ ಫೋನ್ ಮಾಡಬೇಕು ಎಂದರೆ ನಿಮ್ಮ ಸಾಫ್ಟ್‌ವೇರ್‌ಗೆ ಒಂದು ನಿಜವಾದ ಫೋನ್ ನಂಬರ್ ಬೇಕು. ಭಾರತದಲ್ಲಿ ಆ ನಂಬರ್ ಕೊಡುವುದು, ಇಂಟರ್ನೆಟ್ ಕರೆಯನ್ನು ಸಾಮಾನ್ಯ ಫೋನ್ ಜಾಲಕ್ಕೆ ಜೋಡಿಸುವುದು ಲೈಸೆನ್ಸ್ ಇರುವ ಟೆಲಿಕಾಂ ಕಂಪನಿಯ ಕೆಲಸ. ಅವರು ನಿಮಗೆ ಸಿಪ್ ಟ್ರಂಕ್ ಎಂಬ ಸಂಪರ್ಕ ಕೊಡುತ್ತಾರೆ, ಒಂದೇ ತಂತಿಯಲ್ಲಿ ಏಕಕಾಲಕ್ಕೆ ಹತ್ತು, ಇಪ್ಪತ್ತು ಕರೆ ಹೋಗುವಂಥದ್ದು. ಅದನ್ನು ಸಾಫ್ಟ್‌ವೇರ್‌ಗೆ ಜೋಡಿಸಬೇಕು. ಯಾರಾದರೂ ಬಂದು "ನಮ್ಮ ಡಬ್ಬಿ ಇಟ್ಟರೆ ಇಂಟರ್ನೆಟ್ ಕರೆಯೆಲ್ಲ ಸಿಮ್‌ನಿಂದ ಹೋಗುತ್ತದೆ, ಬಿಲ್ಲೇ ಇಲ್ಲ" ಎಂದರೆ ದಯವಿಟ್ಟು ಬೇಡ. ಲೈಸೆನ್ಸ್ ಇಲ್ಲದೆ ಹಾಗೆ ಎಕ್ಸ್‌ಚೇಂಜ್ ನಡೆಸಿದವರ ಮೇಲೆ ಪೊಲೀಸ್ ಕೇಸ್ ಆಗುತ್ತದೆ.

ಮಾವನಿಗೆ 08384ರಿಂದ ಶುರುವಾಗುವ ನಂಬರೇ ಬೇಕಿತ್ತು. ಮಾವ ಹೇಳಿದ್ದು ಸರಿ, ನಮ್ಮ ಕಡೆ ಆ ಅಂಕಿ ನೋಡಿದರೆ "ಶಿರಸಿಯವರು" ಎಂದು ಎತ್ತುತ್ತಾರೆ, ಗುರುತಿಲ್ಲದ ಮೊಬೈಲ್ ನಂಬರ್ ಆದರೆ ಲೋನ್ ಮಾರುವವರು ಎಂದು ಬಿಡುತ್ತಾರೆ. ಹಳೆ ಲ್ಯಾಂಡ್‌ಲೈನ್ ನಂಬರನ್ನೇ ಉಳಿಸಿಕೊಳ್ಳಬಹುದೇ ಎಂದು ಹಳೆ ಲೈನ್ ರದ್ದು ಮಾಡುವ ಮೊದಲೇ ಅದೇ ಕಂಪನಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ನಂಬರ್ ಬಂದ ಮೇಲೆ ಅದಕ್ಕೆ ನಿಯಮ ಬರೆಯಬಹುದು. ನಾವು ಮೊದಲು "ಕನ್ನಡಕ್ಕಾಗಿ ಒಂದನ್ನು ಒತ್ತಿ" ಹಾಕಿದೆವು, ಎರಡೇ ದಿನಕ್ಕೆ ತೆಗೆದೆವು. ವಯಸ್ಸಾದ ರೈತರು ಯಂತ್ರದ ಧ್ವನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದರು. ಹತ್ತು ಹನ್ನೊಂದು ಜನ ಇರುವ ಜಾಗಕ್ಕೆ ಅದು ಬೇಡವೇ ಬೇಡ ಎಂದು ನನಗೆ ಅನ್ನಿಸುತ್ತದೆ. ಈಗ ಕರೆ ಬಂದರೆ ಶಿರಸಿಯ ಮೂರು ಫೋನ್ ಒಟ್ಟಿಗೆ ರಿಂಗ್ ಆಗುತ್ತವೆ. ಇಪ್ಪತ್ತು ಸೆಕೆಂಡಿನಲ್ಲಿ ಯಾರೂ ಎತ್ತದಿದ್ದರೆ ಗೋಡೌನ್ ಮತ್ತು ಕುಮಟೆ. ಅಲ್ಲೂ ಎತ್ತದಿದ್ದರೆ ಆ ಮಿಸ್ಡ್ ಕಾಲ್ ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಕೂರುತ್ತದೆ, ವಾಪಸ್ ಕರೆ ಮಾಡಿದವರು ಅದರ ಮುಂದೆ ತಮ್ಮ ಹೆಸರು ಹಾಕುತ್ತಾರೆ. ಆ ಪಟ್ಟಿ ಮಾವನಿಗೆ ಇಡೀ ಸಾಫ್ಟ್‌ವೇರ್‌ಗಿಂತ ಇಷ್ಟ.

ಕಾರವಾರದಲ್ಲಿ ಬೈತಖೋಲ ಬಂದರಿನಿಂದ ಮೀನು ಕಳಿಸುವ ನನ್ನ ಗೆಳೆಯನ ಲೆಕ್ಕ ಬೇರೆ. ಅವನಿಗೆ ಬೆಳಗಿನ ಜಾವ ನಾಲ್ಕಕ್ಕೆ ಬರುವ ಕರೆ ಬಂದರಿನಲ್ಲಿ ನಿಂತವರಿಗೆ ಹೋಗಬೇಕು, ಹತ್ತು ಗಂಟೆಯ ಕರೆ ಆಫೀಸಿಗೆ. ಗಂಟೆಯ ಮೇಲೆ ದಾರಿ ಬದಲಾಗುವಂತೆ ಬರೆದರಾಯಿತು. ಅವನಿಂದ ಕಲಿತ ಇನ್ನೊಂದು ವಿಷಯ ಕರಾವಳಿಯವರಿಗೆಲ್ಲ ಬೇಕಾದದ್ದು. ಈ ಸಾಫ್ಟ್‌ವೇರ್‌ಗಳಿಗೆ ತಲೆಗೆ ಇಷ್ಟು ಎಂದು ಬಾಡಿಗೆ, ವರ್ಷಕ್ಕೆ ಒಪ್ಪಿಕೊಂಡರೆ ತಿಂಗಳ ಲೆಕ್ಕಕ್ಕಿಂತ ಸ್ವಲ್ಪ ಅಗ್ಗ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ, ಅರ್ಧ ಜನ ಊರಿಗೆ ಹೋಗಿರುತ್ತಾರೆ. ವರ್ಷದ ಒಪ್ಪಂದದಲ್ಲಿ ಆ ಎರಡು ತಿಂಗಳಿಗೂ ದುಡ್ಡು ಹೋಗುತ್ತದೆ. ವರ್ಷವಿಡೀ ಇರುವವರಿಗೆ ವರ್ಷದ ಲೆಕ್ಕ, ಹಂಗಾಮಿನವರಿಗೆ ತಿಂಗಳ ಲೆಕ್ಕ ಎಂದು ಬೇರೆ ಮಾಡಿಸಿಕೊಂಡ. ಅಡಿಕೆ ಹಂಗಾಮಿಗೂ ಇದೇ ಮಾತು.

ಇದೆಲ್ಲ ಎಲ್ಲರಿಗೂ ಬೇಕೇ? ಇಬ್ಬರು ಮೂವರು ಇರುವ ಅಂಗಡಿಗೆ ಬೇಡ ಎಂದೇ ನಾನು ಹೇಳುತ್ತೇನೆ. ಅಂಗಡಿಯ ಹೆಸರಿನಲ್ಲಿ ಒಂದು ಸಿಮ್ ತೆಗೆದು, ಅದಕ್ಕೆ ವಾಟ್ಸಾಪ್ ಬಿಸಿನೆಸ್ ಹಾಕಿ, ಆ ಮೊಬೈಲನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಇಟ್ಟುಬಿಡಿ. ಅದೇ ಖಾತೆಯನ್ನು ಇನ್ನೂ ನಾಲ್ಕು ಉಪಕರಣಕ್ಕೆ ಜೋಡಿಸಬಹುದು. ಐದಾರು ಜನ ದಾಟಿದಾಗ, ಎರಡು ಊರಿನಲ್ಲಿ ಕೆಲಸ ಇದ್ದಾಗ, ಒಂದೇ ನಂಬರಿಗೆ ಒಟ್ಟಿಗೆ ಎರಡು ಮೂರು ಕರೆ ಬರತೊಡಗಿದಾಗ ಮುಂದಿನದ್ದನ್ನು ಯೋಚಿಸಿ.

ತೆಗೆದುಕೊಳ್ಳುವುದಾದರೆ ಮುಖ್ಯ ಖಾತೆ, ಅಂದರೆ ಅಡ್ಮಿನ್ ಖಾತೆ, ಮಾಲೀಕರ ಹೆಸರಿನಲ್ಲೇ ಇರಲಿ. ಹಾಕಿಕೊಟ್ಟ ಏಜೆಂಟರ ಇಮೇಲ್‌ನಲ್ಲಿ ಇಡಬೇಡಿ, ನನ್ನಂಥ ಅಳಿಯನ ಹೆಸರಿನಲ್ಲೂ ಬೇಡ. ಹಾಗೆ ಇಟ್ಟರೆ ಹುಡುಗನ ಮೊಬೈಲಿನ ಕಥೆಯೇ ಮತ್ತೆ, ಈ ಸಲ ಇನ್ನೂ ದೊಡ್ಡದಾಗಿ. ಹಳೆ ಮಾತುಕತೆಯನ್ನು ಹೊರಗೆ ತೆಗೆದು ಇಟ್ಟುಕೊಳ್ಳುವ ಸೌಲಭ್ಯ ಇದೆಯೇ ಎಂದೂ ಕೇಳಿ. 2003ರಲ್ಲಿ ಶುರುವಾಗಿ ಜಗತ್ತಿಗೆಲ್ಲ ಇಂಟರ್ನೆಟ್ ಕರೆ ಕಲಿಸಿದ ಸ್ಕೈಪ್ 2025ರ ಮೇ 5ಕ್ಕೆ ನಿಂತುಹೋಯಿತು, ಅಷ್ಟು ದೊಡ್ಡದೇ ನಿಲ್ಲಬಹುದಾದರೆ ಯಾವುದೂ ನಿಲ್ಲಬಹುದು. ಕರೆ ರೆಕಾರ್ಡ್ ಮಾಡುವುದಾದರೆ ಎದುರಿನವರಿಗೆ ಮೊದಲೇ ಹೇಳಿ.

ಕರೆಂಟು ಹೋದಾಗ

ಕಂಪನಿಯವರು ಹೇಳದ, ನಮ್ಮ ಮಲೆನಾಡಿನವರಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ಹಳೆ ತಾಮ್ರದ ಲ್ಯಾಂಡ್‌ಲೈನ್‌ಗೆ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ತಂತಿಯಲ್ಲೇ ಬರುತ್ತಿತ್ತು. ಜುಲೈಯ ರಾತ್ರಿ ಮರ ಬಿದ್ದು ಊರೆಲ್ಲ ಕತ್ತಲೆ ಇದ್ದರೂ, ಟೆಲಿಫೋನ್ ತಂತಿ ತುಂಡಾಗದಿದ್ದರೆ ರಿಸೀವರ್ ಎತ್ತಿದಾಗ ಡಯಲ್ ಟೋನ್ ಕೇಳುತ್ತಿತ್ತು. ಗಾಜಿನ ಫೈಬರ್‌ನಲ್ಲಿ ಕರೆಂಟು ಹರಿಯುವುದಿಲ್ಲ. ನಿಮ್ಮ ಗೋಡೆಯ ಮೇಲಿನ ಫೈಬರ್ ಡಬ್ಬಿ, ರೂಟರ್, ಮೇಜಿನ ಫೋನ್, ಈ ಮೂರರಲ್ಲಿ ಒಂದು ಆರಿದರೂ ಅಂಗಡಿಯ ಫೋನ್ ಆರಿತು.

ಹಾಗಾಗಿ ದೊಡ್ಡ ಇನ್ವರ್ಟರಿಗೆ ದೀಪ, ಫ್ಯಾನಿನ ಜೊತೆ ಇದನ್ನೂ ಸಿಕ್ಕಿಸುವ ಬದಲು ಫೈಬರ್ ಡಬ್ಬಿ, ರೂಟರ್, ಮೇಜಿನ ಫೋನ್ ಮೂರಕ್ಕೂ ಬೇರೆಯೇ ಒಂದು ಸಣ್ಣ ಯುಪಿಎಸ್ ಇಡಿ. ಅವಕ್ಕೆ ಬೇಕಾಗುವ ಕರೆಂಟು ಒಂದೆರಡು ಎಲ್‌ಇಡಿ ಬಲ್ಬಿನಷ್ಟು, ಸಣ್ಣ ಬ್ಯಾಟರಿಯಲ್ಲೇ ಗಂಟೆಗಟ್ಟಲೆ ನಡೆಯುತ್ತದೆ. ಅದೂ ಮುಗಿದರೆ ಕರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಸಾಫ್ಟ್‌ವೇರ್‌ನಲ್ಲಿ ಮೊದಲೇ ಬರೆದಿಡಬೇಕು. ಸರ್ವರ್ ಇರುವುದು ದೂರದ ಡೇಟಾ ಸೆಂಟರಿನಲ್ಲಿ, ಶಿರಸಿಯ ಕರೆಂಟು ಹೋದದ್ದು ಅದಕ್ಕೆ ಸಂಬಂಧವಿಲ್ಲ, ಶಿರಸಿಯ ಫೋನ್ ಉತ್ತರ ಕೊಡದಿದ್ದರೆ ಅದು ಬೇರೆ ಕಡೆ ಕಳಿಸುತ್ತದೆ. ನಮ್ಮಲ್ಲಿ ಅದು ಕುಮಟೆಗೆ, ಕುಮಟೆಯೂ ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ನಮ್ಮ ಮಾಲು ನೋಡಿಕೊಳ್ಳುವವರ ಮೊಬೈಲಿಗೆ. 112ಕ್ಕೆ ಕರೆ ಮಾಡಲು ಮಾತ್ರ ಎಲ್ಲ ಕಡೆ ಒಂದು ಸಾಮಾನ್ಯ ಮೊಬೈಲ್ ಚಾರ್ಜ್ ಆಗಿ ಇರಲಿ, ತುರ್ತು ಕರೆಗೆ ಆ್ಯಪ್ ನಂಬಬೇಡಿ.

ಈ ವರ್ಷ ಮೇ ಕೊನೆಯಲ್ಲಿ ಒಂದು ಭಾನುವಾರ ನಾನು, ಮಾವ ವಖಾರಿಗೆ ಹೋಗಿ ಮೇನ್ ಸ್ವಿಚ್ ಇಳಿಸಿದೆವು. ಫೈಬರ್ ಡಬ್ಬಿಯ ದೀಪ ಉರಿಯುತ್ತಲೇ ಇತ್ತು. ಮಾವ ಹೊರಗೆ ರಸ್ತೆಯಲ್ಲಿ ನಿಂತು ತಮ್ಮ ಮೊಬೈಲಿನಿಂದ ವಖಾರಿಯ ನಂಬರಿಗೆ ಫೋನ್ ಮಾಡಿದರು, ಒಳಗೆ ರಿಂಗ್ ಆಯಿತು. ಆಮೇಲೆ ಯುಪಿಎಸ್‌ನ ತಂತಿಯನ್ನೂ ಕಿತ್ತೆವು. ಮತ್ತೆ ಫೋನ್ ಮಾಡಿದರು. ಸ್ವಲ್ಪ ಹೊತ್ತು ಏನೂ ಇಲ್ಲ, ಮಾವ ನನ್ನ ಮುಖ ನೋಡಿದರು, ಅಷ್ಟರಲ್ಲಿ ಕುಮಟೆಯ ಅಂಗಡಿಯ ತಮ್ಮ ಎತ್ತಿ, "ಹಲೋ, ವಖಾರಿ, ಹೇಳಿ" ಅಂದ.